64 ಪೌಂಡಿನಲ್ಲಿ ಇಂಡಿಯಾ: ಡರ್ವ್ಲಾ ಮರ್ಫಿಯ ಸೈಕಲ್ಲು, ಕೊಡಗು ಮತ್ತು ನನ್ನ ಎಕ್ಸೆಲ್ ಶೀಟು

ಕಳೆದ ವಾರದ ಮಾತನ್ನ ಬರಹದಲ್ಲಿ ಹಾಕ್ತಾ ಇದೀನಿ. ಮಾತಾಡುವಾಗ ಅವಸರಕ್ಕೆ ಬಿಟ್ಟುಹೋದ ಒಂದೆರಡು ಸಂಗತಿ ಇಲ್ಲಿ ಸೇರಿಸಿದೀನಿ. ಕ್ಯಾಬಿನಲ್ಲಿ ಕೂತು ಹಿಂಜವಡಿ ಟ್ರಾಫಿಕ್ಕಿನಲ್ಲಿ ಓದೋವಷ್ಟು ಉದ್ದ ಇದೆ.

ಒಂದು ಲೆಕ್ಕದಿಂದ ಶುರು ಮಾಡೋಣ. 64 ಪೌಂಡ್, 7 ಶಿಲ್ಲಿಂಗ್, 10 ಪೆನ್ಸ್. 1963ರಲ್ಲಿ ಐರ್ಲೆಂಡಿನ ಒಬ್ಬ ಹೆಣ್ಣುಮಗಳು ಒಬ್ಬಳೇ ಸೈಕಲ್ ಮೇಲೆ ಭಾರತಕ್ಕೆ ಬಂದಳು. ಆರು ತಿಂಗಳ ಆ ಪ್ರಯಾಣಕ್ಕೆ ಆದ ಒಟ್ಟು ಖರ್ಚು ಇದು. ಆಗ ಒಂದು ಪೌಂಡಿಗೆ ಹದಿಮೂರು ರೂಪಾಯಿ ಚಿಲ್ಲರೆ. ಅಂದರೆ ಸುಮಾರು 860 ರೂಪಾಯಿ.

ಇನ್ನೊಂದು ಲೆಕ್ಕ ನನ್ನ ಲ್ಯಾಪ್‌ಟಾಪಿನಲ್ಲಿದೆ. ಫೈಲಿನ ಹೆಸರು ‘ವರ್ಲ್ಡ್ ಟ್ರಿಪ್ ಫೈನಲ್ ವಿ7’. 2019ರಲ್ಲಿ ಶುರು ಮಾಡಿದ್ದು. ವೀಸಾಕ್ಕೊಂದು ಶೀಟು, ವಿಮಾನಕ್ಕೊಂದು, ಹಾಸ್ಟೆಲಿಗೊಂದು, ಕರೆನ್ಸಿ ದರ ತಾನೇ ಅಪ್‌ಡೇಟ್ ಆಗೋ ಫಾರ್ಮುಲಾ ಬೇರೆ. ಒಟ್ಟು ಹದಿನೆಂಟು ಲಕ್ಷ ಚಿಲ್ಲರೆ. ಇವತ್ತಿನವರೆಗೆ ಆ ಶೀಟಿನಿಂದ ನಾನು ಹೋದ ದೇಶಗಳ ಸಂಖ್ಯೆ ಸೊನ್ನೆ.

ಈ ಎರಡು ಲೆಕ್ಕದ ನಡುವೆ ಏನಿದೆ ಅನ್ನೋದೇ ಇವತ್ತಿನ ವಿಷಯ. ಆಕೆ ಹೆಸರು ಡರ್ವ್ಲಾ ಮರ್ಫಿ.

ಆಸ್ಪತ್ರೆಯ ಬೆಂಚಿನ ಮೇಲೆ ಸಿಕ್ಕ ಹೆಸರು

ನನ್ನ ಊರು ಹಾನಗಲ್ಲ ಕಡೆಯ ಒಂದು ಹಳ್ಳಿ. ಎಂ.ಟೆಕ್ ಮುಗಿಸಿ ಪುಣೆಗೆ ಬಂದು ಹನ್ನೊಂದು ವರ್ಷ ಆಯ್ತು. 2022ರಲ್ಲಿ ಆಫೀಸಿನಲ್ಲಿ ಆರು ತಿಂಗಳ ರಜೆ ಮಂಜೂರಾಗಿತ್ತು. ಏಪ್ರಿಲ್‌ನಲ್ಲಿ ಹೊರಡೋದು ಅಂತ ಟಿಕೆಟ್ ಕೂಡ ಆಗಿತ್ತು. ಫೆಬ್ರವರಿಯಲ್ಲಿ ಅಪ್ಪನಿಗೆ ಲಕ್ವ ಹೊಡೀತು. ಎಡಗೈ, ಎಡಗಾಲು ಹೋಯ್ತು, ಮಾತು ತೊದಲಿತು. ಅಪ್ಪ ಅವ್ವ ಇಬ್ಬರನ್ನೂ ವಾಕಡ್‌ನ ನನ್ನ ಎರಡು ಕೋಣೆಯ ಮನೆಗೆ ಕರಕೊಂಡು ಬಂದೆ. ಟಿಕೆಟ್ ಕ್ಯಾನ್ಸಲ್ ಮಾಡಿದೆ.

ಅದೇ ಮೇ ತಿಂಗಳ ಕೊನೆಯಲ್ಲಿ ಫಿಸಿಯೋಥೆರಪಿ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂತು ಫೋನ್ ತೀಡ್ತಾ ಇದ್ದಾಗ ಒಂದು ಮರಣವಾರ್ತೆ ಕಣ್ಣಿಗೆ ಬಿತ್ತು. ಐರಿಶ್ ಪ್ರವಾಸ ಲೇಖಕಿ, ತೊಂಬತ್ತು ವರ್ಷ, ಮೇ 22ಕ್ಕೆ ಸ್ವಂತ ಊರಿನಲ್ಲೇ ತೀರಿಕೊಂಡರು ಅಂತ. ಯಾರೋ ಏನೋ ಅಂತ ಮುಂದೆ ಹೋಗೋನಿದ್ದೆ. ಕೆಳಗೆ ಆಕೆ ಬರೆದ ಪುಸ್ತಕಗಳ ಪಟ್ಟಿಯಲ್ಲಿ ಒಂದು ಪದ ನಿಲ್ಲಿಸಿತು: ಕೂರ್ಗ್. ‘ಆನ್ ಎ ಶೂಸ್ಟ್ರಿಂಗ್ ಟು ಕೂರ್ಗ್’, 1976. ಅಯ್ಯೋ ಇದು ನಮ್ಮ ಕೊಡಗಲ್ಲವಾ ಅಂತ ಅಪ್ಪಾ ಬಳವಂತ ಚೌಕದ ಅಂಗಡಿಗಳಲ್ಲೆಲ್ಲ ಹುಡುಕಿದೆ, ಸಿಗಲಿಲ್ಲ. ಆಮೇಲೆ ಆನ್‌ಲೈನಿನಲ್ಲಿ ತರಿಸಿದೆ. ಅದು ಮುಗಿದ ಮೇಲೆ ಇನ್ನೊಂದು, ಮತ್ತೊಂದು. ಆ ವರ್ಷ ನಾನು ಹೋಗಬೇಕಿದ್ದ ಕಡೆಗೆಲ್ಲ ಆಕೆಯ ಹಿಂದೆ ಹೋದೆ ಅಂತಿಟ್ಟುಕೊಳ್ಳಿ.

ಹತ್ತನೇ ಹುಟ್ಟುಹಬ್ಬದ ಎರಡು ಉಡುಗೊರೆ

ಡರ್ವ್ಲಾ ಹುಟ್ಟಿದ್ದು 1931ರ ನವೆಂಬರ್ 28ರಂದು, ಐರ್ಲೆಂಡಿನ ವಾಟರ್‌ಫರ್ಡ್ ಜಿಲ್ಲೆಯ ಲಿಸ್ಮೋರ್ ಅನ್ನೋ ಸಣ್ಣ ಊರಿನಲ್ಲಿ. ತಂದೆ ಜಿಲ್ಲಾ ಗ್ರಂಥಪಾಲಕರು. ಮನೆಯಲ್ಲಿ ದುಡ್ಡು ಕಮ್ಮಿ, ಪುಸ್ತಕ ಜಾಸ್ತಿ. ಹತ್ತನೇ ಹುಟ್ಟುಹಬ್ಬಕ್ಕೆ ಅಪ್ಪ ಅಮ್ಮ ಒಂದು ಸೆಕೆಂಡ್ ಹ್ಯಾಂಡ್ ಸೈಕಲ್ ಕೊಟ್ಟರು, ಅಜ್ಜ ಒಂದು ಹಳೇ ಅಟ್ಲಾಸ್ ಕಳಿಸಿದರು. ಕೆಲವು ದಿನ ಬಿಟ್ಟು ಊರ ಹತ್ತಿರದ ದಿಬ್ಬದಲ್ಲಿ ಸೈಕಲ್ ತುಳೀತಾ ತನ್ನ ಕಾಲುಗಳನ್ನೇ ನೋಡಿಕೊಂಡಳಂತೆ. ಈ ಕಾಲು ಹೀಗೇ ತಿರುಗಿಸ್ತಾ ಹೋದರೆ ಭಾರತಕ್ಕೇ ಹೋಗಬಹುದಲ್ಲ ಅಂತ ಆಗಲೇ ನಿರ್ಧಾರ ಆಯ್ತು. ಯಾರಿಗೂ ಹೇಳಲಿಲ್ಲ, ದೊಡ್ಡವರು ನಗ್ತಾರೆ ಅಂತ.

ಅಲ್ಲಿಂದ ಹೊರಟಿದ್ದು ಯಾವಾಗ? ಇಪ್ಪತ್ತೊಂದು ವರ್ಷ ಆದ ಮೇಲೆ.

ಈ ಇಪ್ಪತ್ತೊಂದು ವರ್ಷದ ಕಥೆಯನ್ನ ಸಾಮಾನ್ಯವಾಗಿ ಒಂದು ಸಾಲಿನಲ್ಲಿ ಮುಗಿಸಿಬಿಡ್ತಾರೆ. ನನಗೆ ಮಾತ್ರ ಅದೇ ಮುಖ್ಯ ಭಾಗ ಅನ್ನಿಸಿತು. ತಾಯಿಗೆ ಸಂಧಿವಾತ. ಮಗಳು ಪುಟ್ಟವಳಿದ್ದಾಗಲೇ ಆಕೆ ನಡೆಯೋದು ನಿಂತುಹೋಗಿತ್ತು. ಹದಿನಾಲ್ಕನೇ ವಯಸ್ಸಿಗೆ ಡರ್ವ್ಲಾ ಶಾಲೆ ಬಿಟ್ಟು ತಾಯಿಯ ಆರೈಕೆಗೆ ನಿಂತಳು. ಎತ್ತೋದು, ತೊಳೆಯೋದು, ಮಗ್ಗುಲು ಬದಲಿಸೋದು, ಅಡುಗೆ. ಹದಿನಾರು ವರ್ಷ ಹಾಗೆ. ನಡುನಡುವೆ ಕೆಲವು ವಾರ ಬಿಡುವು ಸಿಕ್ಕರೆ ಸೈಕಲ್ ಹತ್ತೋದು: 1951ರಲ್ಲಿ ವೇಲ್ಸ್ ಮತ್ತು ದಕ್ಷಿಣ ಇಂಗ್ಲೆಂಡ್, ಮರುವರ್ಷ ಬೆಲ್ಜಿಯಂ, ಜರ್ಮನಿ, ಫ್ರಾನ್ಸ್, ಆಮೇಲೆ ಸ್ಪೇನ್. ಮತ್ತೆ ವಾಪಸ್ ಮನೆಗೆ. 1961ರಲ್ಲಿ ತಂದೆ, 1962ರಲ್ಲಿ ತಾಯಿ ತೀರಿಕೊಂಡರು.

1979ರಲ್ಲಿ ಬಂದ ‘ವೀಲ್ಸ್ ವಿದಿನ್ ವೀಲ್ಸ್’ ಅನ್ನೋ ಆತ್ಮಕಥೆಯಲ್ಲಿ ಈ ವರ್ಷಗಳ ಬಗ್ಗೆ ಬರೆದಿದ್ದಾಳೆ. ಸೇವೆ, ತ್ಯಾಗ ಅಂತೆಲ್ಲ ಬಣ್ಣ ಹಚ್ಚೋದಿಲ್ಲ. ತಾಯಿಯನ್ನ ತುಂಬಾ ಪ್ರೀತಿಸ್ತಿದ್ದ ಮಗಳೇ ಕೊನೆಕೊನೆಗೆ ತಾಯಿ ಮೇಲೆ ಎಷ್ಟು ಸಿಟ್ಟಾಗಿದ್ದಳು, ಸಿಕ್ಕಿಹಾಕಿಕೊಂಡ ಭಾವ ಎಷ್ಟು ಕುಗ್ಗಿಸಿತ್ತು ಅನ್ನೋದನ್ನ ಮುಚ್ಚುಮರೆ ಇಲ್ಲದೆ ಹೇಳ್ತಾಳೆ. ಆ ಭಾಗ ಓದಿದ ದಿನ ನಾನು ಪುಸ್ತಕ ಮಡಚಿ ಬಾಲ್ಕನಿಗೆ ಹೋಗಿ ನಿಂತೆ. ಅಪ್ಪನಿಗೆ ಊಟ ಮಾಡಿಸ್ತಾ ಇದ್ದಾಗ ನನ್ನೊಳಗೆ ಎದ್ದ ಸಿಟ್ಟನ್ನ ಅಲ್ಲಿವರೆಗೆ ನಾನು ಯಾರಿಗೂ ಹೇಳಿರಲಿಲ್ಲ. ಅಪ್ಪ ಏನೂ ತಪ್ಪು ಮಾಡಿರಲಿಲ್ಲ. ನನ್ನ ಟಿಕೆಟ್ ಕ್ಯಾನ್ಸಲ್ ಆಗಿತ್ತು, ಅಷ್ಟೇ. ಇಂಥ ಸಿಟ್ಟು ಇನ್ನೊಬ್ಬರಿಗೂ ಬಂದಿತ್ತು, ಬಂದರೂ ಅವರು ಹದಿನಾರು ವರ್ಷ ಕೆಲಸ ಬಿಡಲಿಲ್ಲ ಅಂತ ಗೊತ್ತಾದಾಗ ಸ್ವಲ್ಪ ಉಸಿರಾಡೋಕೆ ಆಯ್ತು.

ಗೇರು ಬಿಚ್ಚಿಸಿದ ಸೈಕಲ್ಲು

1963ರ ಜನವರಿ. ಯುರೋಪಿನಲ್ಲಿ ದಶಕಗಳಲ್ಲೇ ಕಂಡಿರದಂಥ ಚಳಿ. ಡರ್ವ್ಲಾಗೆ ಮೂವತ್ತೊಂದು ವರ್ಷ. ಫ್ರಾನ್ಸಿನ ಡನ್‌ಕರ್ಕ್‌ನಿಂದ ಹೊರಟಳು. ಸೈಕಲ್ ಆರ್ಮ್‌ಸ್ಟ್ರಾಂಗ್ ಕಂಪನಿಯದ್ದು, ಹೆಸರು ರೋಝ್. ಡಾನ್ ಕ್ವಿಕ್ಸೋಟನ ಬಡಕಲು ಕುದುರೆ ರೊಸಿನಾಂಟೆಯ ಹೆಸರಿನ ತುಂಡು ಅದು.

ಇಂಜಿನಿಯರ್ ಆಗಿ ನನಗೆ ಇಷ್ಟವಾದ ವಿವರ ಒಂದಿದೆ. ಹೊರಡೋ ಮುಂಚೆ ಆಕೆ ಸೈಕಲ್ಲಿನ ಮೂರು ಸ್ಪೀಡಿನ ಗೇರನ್ನ ಬಿಚ್ಚಿಸಿಬಿಟ್ಟಳು. ನಾವಾಗಿದ್ದರೆ ಇನ್ನೂ ಹತ್ತು ಗೇರು ಹಾಕಿಸ್ತಿದ್ವಿ. ಆಕೆಯ ತರ್ಕ ಸರಳ: ಏಷ್ಯಾದ ರಸ್ತೆಯಲ್ಲಿ ಇದು ಕೆಟ್ಟೇ ಕೆಡುತ್ತೆ, ಕೆಟ್ಟರೆ ರಿಪೇರಿ ಮಾಡೋರು ಸಿಗೋದಿಲ್ಲ. ಏರು ಬಂದರೆ ಇಳಿದು ತಳ್ಳೋದು. ಬದಲಿ ಟೈರುಗಳನ್ನ ದಾರಿಯ ದೊಡ್ಡ ಊರುಗಳಿಗೆ ಮೊದಲೇ ಕಳಿಸಿದ್ದಳು. ಕೆಡಬಹುದಾದ ಭಾಗಗಳನ್ನೇ ಕಮ್ಮಿ ಮಾಡೋದು, ಸವೆಯೋ ಭಾಗಕ್ಕೆ ಮುಂಚೇನೇ ವ್ಯವಸ್ಥೆ ಮಾಡೋದು. ಪ್ರೊಡಕ್ಷನ್ ಸರ್ವರ್ ನೋಡಿಕೊಳ್ಳೋರಿಗೆ ಇದಕ್ಕಿಂತ ಒಳ್ಳೇ ಪಾಠ ಬೇಕಾ?

ಸಾಮಾನಿನಲ್ಲಿ ಒಂದು ಪುಟ್ಟ ಪಿಸ್ತೂಲೂ ಇತ್ತು. ಅದು ಬೇಕಾಯ್ತು ಕೂಡ. ಯುಗೋಸ್ಲಾವಿಯಾದ ಹಿಮದಲ್ಲಿ ತೋಳಗಳು ಮೈಮೇಲೆ ಬಿದ್ದಾಗ ಗುಂಡು ಹಾರಿಸಿ ಪಾರಾದಳು. ಪೂರ್ವ ತುರ್ಕಿಯಲ್ಲಿ ರಾತ್ರಿ ಮಲಗಿದ್ದ ಕೋಣೆಗೆ ಒಬ್ಬ ನುಗ್ಗಿದಾಗ ಮಾಳಿಗೆಗೆ ಗುಂಡು ಹೊಡೆದು ಓಡಿಸಿದಳು. ಅಫ್ಘಾನಿಸ್ತಾನದ ಬಸ್ಸಿನಲ್ಲಿ ಜಗಳ ನಡೆದಾಗ ಯಾರದೋ ಬಂದೂಕಿನ ಹಿಡಿ ತಾಗಿ ಪಕ್ಕೆಲುಬು ಮುರೀತು. ಪೆಟ್ಟು ತಿಂದ ಆ ದೇಶವೇ ಆಕೆಗೆ ಎಲ್ಲಕ್ಕಿಂತ ಇಷ್ಟವಾದ ದೇಶಗಳಲ್ಲಿ ಒಂದಾಯ್ತು. ಪಾಕಿಸ್ತಾನದಲ್ಲಿ ಗಿಲ್ಗಿಟ್ ಕಡೆಯಿಂದ ನಾಲ್ಕು ಸಾವಿರ ಮೀಟರ್ ದಾಟಿದ ಬಾಬುಸರ್ ಕಣಿವೆದಾರಿಯನ್ನ ಸೈಕಲ್ ಎಳಕೊಂಡೇ ಹತ್ತಿದಳು. ಜುಲೈನಲ್ಲಿ ದೆಹಲಿ ಮುಟ್ಟಿದಳು.

ದಾರಿಯುದ್ದಕ್ಕೂ ಡೈರಿ ಬರೆದು ಊರಿನ ಗೆಳೆಯರಿಗೆ ಅಂಚೆಯಲ್ಲಿ ಕಳಿಸ್ತಿದ್ದಳು. ಅದೇ ಮುಂದೆ ‘ಫುಲ್ ಟಿಲ್ಟ್’ ಅನ್ನೋ ಪುಸ್ತಕ ಆಯ್ತು. 1965ರಲ್ಲಿ ಲಂಡನ್ನಿನ ಜಾನ್ ಮರ್ರೆ ಪ್ರಕಾಶನದಿಂದ ಬಂತು. ಆಮೇಲಿನ ಬದುಕೆಲ್ಲ ಒಂದೇ ಚಕ್ರ: ಹೋಗೋದು, ಬರೋದು, ಬರೆಯೋದು, ಆ ದುಡ್ಡಿನಲ್ಲಿ ಮತ್ತೆ ಹೋಗೋದು. ಇಪ್ಪತ್ತಕ್ಕೂ ಹೆಚ್ಚು ಪುಸ್ತಕ ಹಾಗೇ ಬಂದವು.

ಬಜೆಟ್ ಅಂದರೆ ಏನು

ಆಕೆಯ ಪುಸ್ತಕಗಳನ್ನ ಓದ್ತಾ ಓದ್ತಾ ನನ್ನ ಎಕ್ಸೆಲ್ ಶೀಟಿನ ಪಕ್ಕದಲ್ಲಿ ಆಕೆಯ ಖರ್ಚಿನ ಕ್ರಮವನ್ನೂ ಬರೆದುಕೊಂಡೆ. ನನ್ನ ಶೀಟಿನಲ್ಲಿ ಅತಿ ದೊಡ್ಡ ಎರಡು ಸಾಲು ಅಂದರೆ ವಿಮಾನ ಮತ್ತು ವಸತಿ. ಆರು ತಿಂಗಳಲ್ಲಿ ಹದಿನಾಲ್ಕು ದೇಶ. ಡರ್ವ್ಲಾಗೆ ಈ ಎರಡು ಸಾಲು ಹತ್ತಿರ ಹತ್ತಿರ ಇಲ್ಲವೇ ಇಲ್ಲ.

ಒಂದು ಪ್ರದೇಶಕ್ಕೆ ಹೋದರೆ ಅಲ್ಲೇ ತಿಂಗಳುಗಟ್ಟಲೆ. ಓಡಾಟಕ್ಕೆ ಕಾಲು, ಸೈಕಲ್, ಇಲ್ಲವೇ ಹೇಸರಗತ್ತೆ. ಇಥಿಯೋಪಿಯಾದ ಬೆಟ್ಟಗಳಲ್ಲಿ ಜೊತೆಗಿದ್ದ ಹೇಸರಗತ್ತೆಗೆ ತನ್ನ ಪ್ರಕಾಶಕ ಜಾಕ್ ಮರ್ರೆಯ ಹೆಸರನ್ನೇ ಇಟ್ಟಿದ್ದಳು. ಮಲಗೋದು ಗುಡಾರದಲ್ಲಿ, ಚಹಾದಂಗಡಿಯ ನೆಲದ ಮೇಲೆ, ಯಾರಾದರೂ ಕರೆದರೆ ಅವರ ಮನೆಯಲ್ಲಿ. ಅಲ್ಲಿನವರು ಏನು ತಿಂತಾರೋ ಅದೇ ಊಟ. ಊರಿಗೆ ವಾಪಸ್ ಬಂದ ಮೇಲೂ ಖರ್ಚು ಕಮ್ಮಿಯೇ. ಲಿಸ್ಮೋರಿನ ಹಳೇ ಸಂತೆಕಟ್ಟೆಯ ಕಲ್ಲುಕಟ್ಟಡಗಳಲ್ಲಿ ವಾಸ, ಕಾರು ಇಲ್ಲ, ಬರೆಯೋದು ಟೈಪ್‌ರೈಟರಿನಲ್ಲಿ.

ನಾವು ಬಜೆಟ್ ಟ್ರಿಪ್ ಅಂದರೆ ಅದೇ ಹದಿನಾಲ್ಕು ದೇಶವನ್ನ ಕೂಪನ್ ಹಾಕಿ ಅಗ್ಗಕ್ಕೆ ಕೊಳ್ಳೋದು ಅಂದುಕೊಂಡಿದೀವಿ. ಆಕೆ ದುಡ್ಡಿನ ಬದಲು ಸಮಯ ಖರ್ಚು ಮಾಡ್ತಿದ್ದಳು. ನಮ್ಮ ಹತ್ತಿರ ದುಡ್ಡು ಅಷ್ಟಿಷ್ಟು ಇದೆ, ಇಲ್ಲದಿರೋದು ಸಮಯ. ಹಾಗಾಗಿ ಆಕೆಯ 64 ಪೌಂಡು ನೋಡಿ ‘ಎಷ್ಟು ಚೀಪು’ ಅಂತ ಅನ್ನೋದು ತಪ್ಪು ಲೆಕ್ಕ. ಮನೆ ಸಾಲದ ಕಂತು ಕಟ್ಟೋ ನಮಗೆ ಆರು ತಿಂಗಳು ಅನ್ನೋದೇ ಎಲ್ಲಕ್ಕಿಂತ ದುಬಾರಿ ಸಾಮಾನು.

ಅದೇ ದಾರಿಯಲ್ಲಿ ಎದುರಿನಿಂದ ಹೋದವರು

ಇಲ್ಲಿ ಒಂದು ಮಾತು ಹೇಳದೆ ಹೋದರೆ ಇತಿಹಾಸ ಅರ್ಧ ಆಗುತ್ತೆ. ಆಕೆ ಬಂದ ಕಾಲಕ್ಕೆ ಆ ದಾರಿ ತೆರೆದಿತ್ತು. ಇಸ್ತಾಂಬುಲ್, ಟೆಹರಾನ್, ಕಾಬೂಲ್, ಲಾಹೋರ್, ದೆಹಲಿ: ಮುಂದೆ ಹಿಪ್ಪಿಗಳು ಸಾಲುಸಾಲಾಗಿ ಬಂದ ದಾರಿ ಇದೇ. 1979ರಲ್ಲಿ ಇರಾನ್ ಕ್ರಾಂತಿ, ಅದೇ ವರ್ಷದ ಕೊನೆಗೆ ಅಫ್ಘಾನಿಸ್ತಾನಕ್ಕೆ ಸೋವಿಯತ್ ಸೇನೆ. ದಾರಿ ಮುಚ್ಚಿತು. ಇನ್ನೊಂದು ವಿಷಯ, ಆಕೆ ಕೈಯಲ್ಲಿ ಐರಿಶ್ ಪಾಸ್‌ಪೋರ್ಟ್ ಇತ್ತು, ಮುಖ ಯುರೋಪಿನದ್ದು. ಗಡಿಯಲ್ಲಿ, ಪೊಲೀಸ್ ಠಾಣೆಯಲ್ಲಿ, ರಾಯಭಾರ ಕಚೇರಿಯಲ್ಲಿ ಅದರ ಬೆಲೆ ಎಷ್ಟು ಅಂತ ಷೆಂಗೆನ್ ವೀಸಾಕ್ಕೆ ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಜೋಡಿಸಿದ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಆ ಕಾಲದಲ್ಲಿ ಭಾರತದಿಂದ ಹೊರಟವರಿಗೆ ಜೊತೆಗೆ ಒಯ್ಯೋಕೆ ಸಿಗ್ತಾ ಇದ್ದದ್ದೇ ಕೆಲವೇ ಡಾಲರ್.

ಹಾಗಂತ ನಮ್ಮವರು ಹೋಗಲಿಲ್ಲ ಅಂತಲ್ಲ. 1923ರಲ್ಲಿ ಮುಂಬೈಯಿಂದ ಆರು ಜನ ಪಾರ್ಸಿ ಯುವಕರು ಸೈಕಲ್ ಮೇಲೆ ಜಗತ್ತು ಸುತ್ತೋಕೆ ಹೊರಟರು. ಆದಿ ಹಕೀಮ್, ಜಾಲ್ ಬಾಪಾಸೋಲಾ, ರುಸ್ತುಂ ಭೂಮ್‌ಗರಾ, ಈ ಮೂವರು 1928ರಲ್ಲಿ ಪೂರ್ತಿ ಸುತ್ತಿ ವಾಪಸ್ ಬಂದರು.

ಇನ್ನೊಂದು ಕಥೆ ಶುರುವಾಗಿದ್ದೇ ಬೆಂಗಳೂರಿನಲ್ಲಿ. ಸತೀಶ್ ಕುಮಾರ್ ಮತ್ತು ಇ.ಪಿ. ಮೆನನ್ ಅನ್ನೋ ಇಬ್ಬರು ಗಾಂಧಿಮಾರ್ಗದ ಯುವಕರು. ಬೆಂಗಳೂರಿನ ಒಂದು ಹೋಟೆಲಿನಲ್ಲಿ ಕಾಫಿ ಕುಡೀತಾ ಇದ್ದಾಗ, ಅಣುಬಾಂಬು ವಿರೋಧಿಸಿ ಜೈಲಿಗೆ ಹೋದ ವೃದ್ಧ ಬರ್ಟ್ರೆಂಡ್ ರಸೆಲ್ ಸುದ್ದಿ ಓದಿದರು. ಆ ವಯಸ್ಸಿನಲ್ಲಿ ಅವರು ಅಷ್ಟು ಮಾಡ್ತಿರುವಾಗ ನಾವೇನು ಮಾಡ್ತಿದೀವಿ ಅನ್ನೋ ಪ್ರಶ್ನೆ ಎದ್ದಿತು. ವಿನೋಬಾ ಭಾವೆ ಆಶೀರ್ವಾದ ಮಾಡಿ ಒಂದು ಷರತ್ತು ಹಾಕಿದರು: ಕೈಯಲ್ಲಿ ದುಡ್ಡು ಇಟ್ಟುಕೊಳ್ಳಬೇಡಿ. 1962ರಲ್ಲಿ ದೆಹಲಿಯ ಗಾಂಧಿ ಸಮಾಧಿಯಿಂದ ಹೊರಟು ಪಾಕಿಸ್ತಾನ, ಅಫ್ಘಾನಿಸ್ತಾನ, ಇರಾನ್ ದಾಟಿ ಮಾಸ್ಕೋ, ಪ್ಯಾರಿಸ್, ಲಂಡನ್, ಕೊನೆಗೆ ವಾಷಿಂಗ್ಟನ್. ಸಮುದ್ರ ದಾಟೋಕೆ ಮಾತ್ರ ಹಡಗು, ಉಳಿದದ್ದೆಲ್ಲ ನಡಿಗೆ. ದಾರಿಯಲ್ಲಿ ಚಹಾ ಕಾರ್ಖಾನೆಯ ಹೆಣ್ಣುಮಗಳೊಬ್ಬಳು ನಾಲ್ಕು ಪೊಟ್ಟಣ ಚಹಾ ಕೊಟ್ಟು, ಬಾಂಬಿನ ಗುಂಡಿ ಒತ್ತಬೇಕು ಅನ್ನಿಸಿದಾಗ ಒಂದು ಕಪ್ ಚಹಾ ಕುಡಿಯಲಿ ಅಂತ ನಾಲ್ಕು ಅಣ್ವಸ್ತ್ರ ದೇಶಗಳ ನಾಯಕರಿಗೆ ಮುಟ್ಟಿಸೋಕೆ ಹೇಳಿ ಕಳಿಸಿದಳು.

ನೋಡ್ರಿ, ಒಂದು ವರ್ಷದ ಅಂತರದಲ್ಲಿ ಅದೇ ದಾರಿಯಲ್ಲಿ ಒಬ್ಬಳು ಈ ಕಡೆ ಬಂದಳು, ಇಬ್ಬರು ಆ ಕಡೆ ಹೋದರು. ಆಕೆಯ ಖರ್ಚು 64 ಪೌಂಡು, ಇವರದು ಏನೂ ಇಲ್ಲ. ಇಬ್ಬರ ಕಥೆಯಲ್ಲೂ ಉಳಿದ ಖರ್ಚನ್ನ ತುಂಬಿದವರು ದಾರಿಯ ಹಳ್ಳಿಯವರು. ಹಾಸಿಗೆ ಹಾಸಿದ ತುರ್ಕಿಯ ರೈತ, ರೊಟ್ಟಿ ಹಂಚಿಕೊಂಡ ಅಫ್ಘಾನಿ ಕುಟುಂಬ. ಅವರ ಹೆಸರು ಯಾವ ಲೆಕ್ಕದಲ್ಲೂ ಬರೋದಿಲ್ಲ. ಬಜೆಟ್ ಪ್ರವಾಸದ ಇತಿಹಾಸ ಬರೆಯೋದಾದರೆ ಅವರದೂ ಒಂದು ಅಂಕಣ ಇರಬೇಕು ಅನ್ಸುತ್ತೆ.

ಐದು ವರ್ಷದ ಮಗಳೊಂದಿಗೆ ಕರ್ನಾಟಕಕ್ಕೆ

ಈಗ ನಮ್ಮೂರ ಕಡೆ ಬರೋಣ. ದೆಹಲಿ ಮುಟ್ಟಿದ ಡರ್ವ್ಲಾ ಐರ್ಲೆಂಡಿಗೆ ಓಡಲಿಲ್ಲ. ಧರ್ಮಶಾಲಾಕ್ಕೆ ಹೋಗಿ ಟಿಬೆಟಿನಿಂದ ಬಂದ ನಿರಾಶ್ರಿತ ಮಕ್ಕಳ ಶಿಬಿರದಲ್ಲಿ ಕೆಲಸಕ್ಕೆ ನಿಂತಳು. ದಲೈ ಲಾಮಾ ಅವರ ಅಕ್ಕ ತ್ಸೆರಿಂಗ್ ಡೋಲ್ಮಾ ನಡೆಸ್ತಿದ್ದ ಶಿಬಿರ ಅದು. ಕಜ್ಜಿ, ಭೇದಿ, ಕುಪೋಷಣೆ, ಒಂದೊಂದು ಹಾಸಿಗೆಯಲ್ಲಿ ನಾಲ್ಕೈದು ಮಕ್ಕಳು.

1968ರ ಡಿಸೆಂಬರಿನಲ್ಲಿ ಆಕೆಗೆ ಮಗಳು ಹುಟ್ಟಿದಳು, ರೇಚಲ್. ಮದುವೆ ಆಗಿರಲಿಲ್ಲ, ಆಗಲೂ ಇಲ್ಲ. ಆ ಕಾಲದ ಕ್ಯಾಥೊಲಿಕ್ ಐರ್ಲೆಂಡಿನ ಸಣ್ಣ ಊರಿನಲ್ಲಿ ಒಬ್ಬಳೇ ಮಗು ಸಾಕೋದು ಅಂದರೆ ಏನು ಅಂತ ನಮ್ಮ ಊರುಗಳನ್ನ ನೆನೆಸಿಕೊಂಡರೆ ಗೊತ್ತಾಗುತ್ತೆ. ಕೆಲವು ವರ್ಷ ದೂರದ ಪ್ರಯಾಣ ನಿಲ್ಲಿಸಿದಳು. ಮಗಳಿಗೆ ಐದು ತುಂಬೋ ಹೊತ್ತಿಗೆ ಇಬ್ಬರೂ ಹೊರಟರು. ಎಲ್ಲಿಗೆ? ದಕ್ಷಿಣ ಭಾರತಕ್ಕೆ.

1973ರ ನವೆಂಬರ್. ಅದೇ ತಿಂಗಳ ಒಂದನೇ ತಾರೀಖು ನಮ್ಮ ಮೈಸೂರು ರಾಜ್ಯ ಕರ್ನಾಟಕ ಅಂತ ಹೆಸರು ಬದಲಿಸಿಕೊಂಡಿತ್ತು. ತಾಯಿ ಮಗಳು ಮುಂಬೈಯಲ್ಲಿ ಇಳಿದು, ಗೋವಾ ದಾಟಿ ಮುಂಡಗೋಡಕ್ಕೆ ಬಂದರು. ಪುಸ್ತಕದಲ್ಲಿ ಮುಂಡಗೋಡ ಅಂತ ನೋಡಿದಾಗ ನಾನು ಕೂತಲ್ಲಿಂದ ಎದ್ದೇಬಿಟ್ಟೆ. ಅದು ನಮ್ಮ ಊರಿಂದ ಒಂದು ಗಂಟೆ ದಾರಿ.

ಹಿನ್ನೆಲೆ ಸ್ವಲ್ಪ ಹೇಳ್ತೀನಿ. 1959ರಲ್ಲಿ ಟಿಬೆಟಿಯನ್ನರು ಬಂದಾಗ, ಅವರಿಗೆ ನೆಲೆ ಕೊಡಿ ಅಂತ ನೆಹರೂ ರಾಜ್ಯಗಳನ್ನ ಕೇಳಿದರು. ಮೈಸೂರು ಸರ್ಕಾರ ಬೈಲಕುಪ್ಪೆಯಲ್ಲಿ ಜಮೀನು ಕೊಟ್ಟಿತು. 1966ರಲ್ಲಿ ಮುಂಡಗೋಡದ ಶಿಬಿರ ಶುರುವಾಯ್ತು. ಹಿಮದ ನಾಡಿನವರು ಮಲೆನಾಡಿನ ಅಂಚಿನ ಕಾಡು ಕಡಿದು ಗೋವಿನಜೋಳ ಬೆಳೆದರು. ಧರ್ಮಶಾಲಾದಲ್ಲಿ ಆ ಜನರ ಅತಿ ಕೆಟ್ಟ ದಿನಗಳನ್ನ ಕಂಡಿದ್ದ ಡರ್ವ್ಲಾ ಹತ್ತು ವರ್ಷದ ಮೇಲೆ ಮುಂಡಗೋಡದಲ್ಲಿ ಅವರು ಬೇರೂರಿದ್ದನ್ನ ನೋಡಿದಳು.

ಅಲ್ಲಿಂದ ಕೊಡಗು, ಮೈಸೂರು, ಕೊಚ್ಚಿ, ಕನ್ಯಾಕುಮಾರಿ, ಮಧುರೈ, ಪೆರಿಯಾರ್. ಬಸ್ಸು, ಮೂರನೇ ದರ್ಜೆಯ ರೈಲು, ಅಗ್ಗದ ವಸತಿಗೃಹ. ಮೊದಲ ಸಲ ಕೊಡಗು ನೋಡಿದಾಗಲೇ ಮನಸ್ಸು ಅಲ್ಲಿ ಸಿಕ್ಕಿಕೊಂಡಿತ್ತು, ಹಾಗಾಗಿ ದಕ್ಷಿಣದ ತುದಿ ಮುಟ್ಟಿ ಮತ್ತೆ ಅಲ್ಲಿಗೇ ವಾಪಸ್. ವಿರಾಜಪೇಟೆ ಸಮೀಪದ ದೇವಣಗೇರಿಯಲ್ಲಿ ಹಳೇ ಕೊಡವ ಮನೆಯೊಂದರಲ್ಲಿ ಜಾಗ ಹಿಡಿದು ಸುಮಾರು ಎರಡು ತಿಂಗಳು ಉಳಿದರು. ರೇಚಲ್ ಊರ ಮಕ್ಕಳ ಜೊತೆ ಬೆರೆತಳು. ಪುತ್ತರಿ ಹಬ್ಬ, ಹಿರಿಯರಿಗೆ ಎಡೆ ಇಡೋ ಕ್ರಮ, ಮದುವೆ, ನಾಮಕರಣ, ಕಾಡಂಚಿನ ಒಂದು ಶವಸಂಸ್ಕಾರ ಎಲ್ಲ ಆ ಪುಸ್ತಕದಲ್ಲಿದೆ.

ಕೊಡಗು 1834ರಿಂದ ಬ್ರಿಟಿಷರ ನೇರ ಆಳ್ವಿಕೆಯಲ್ಲಿತ್ತು, ಸ್ವಾತಂತ್ರ್ಯದ ನಂತರ ಪ್ರತ್ಯೇಕ ರಾಜ್ಯವೇ ಆಗಿತ್ತು, ಮೈಸೂರಿನ ಜೊತೆ ಸೇರಿದ್ದು 1956ರಲ್ಲಿ. ಡರ್ವ್ಲಾ ಬಂದಾಗ ಆ ನೆನಪು ಇನ್ನೂ ಹಸಿ. ಜಾತಿ ಬಗ್ಗೆ ಒಂದು ಅಧ್ಯಾಯವನ್ನೇ ಬರೆದಿದ್ದಾಳೆ. ಸುಂದರ ಬೆಟ್ಟ, ಕಾಫಿ ತೋಟ ಅಂತ ಹೊಗಳಿ ಕೈ ತೊಳಕೊಳ್ಳಲಿಲ್ಲ. ಆಕೆಯ ಎಲ್ಲ ತೀರ್ಮಾನಗಳನ್ನೂ ನಾನು ಒಪ್ಪೋದಿಲ್ಲ. ಹೊರಗಿನವರ ಕಣ್ಣು ಕೆಲವು ಕಡೆ ಬೇಗ ತೀರ್ಪು ಕೊಡುತ್ತೆ. ಆದರೆ ಈಗ ಶುಕ್ರವಾರ ಸಂಜೆ ಹೊರಟು ಹೋಮ್‌ಸ್ಟೇಯಲ್ಲಿ ಎರಡು ರಾತ್ರಿ ಉಳಿದು ಭಾನುವಾರ ವಾಪಸ್ ಬರೋ ನಮ್ಮ ‘ಕೂರ್ಗ್ ಟ್ರಿಪ್’ ಜೊತೆ ಇಟ್ಟು ನೋಡಿದರೆ ನಾಚಿಕೆ ಆಗುತ್ತೆ. ನಾನು ನಾಲ್ಕು ಸಲ ಹೋಗಿದೀನಿ. ಅಲ್ಲಿಯ ಒಬ್ಬರ ಹೆಸರೂ ನೆನಪಿಲ್ಲ.

ಆಮೇಲಿನ ಐವತ್ತು ವರ್ಷ

ಮುಂದಿನ ಚಳಿಗಾಲದಲ್ಲೇ ಆರು ವರ್ಷದ ರೇಚಲ್ ಜೊತೆ ಬಾಲ್ಟಿಸ್ತಾನ. ಸಿಂಧೂ ಕಣಿವೆಯ ಹಿಮದಲ್ಲಿ ಮಗಳು ಮುದಿ ಪೋಲೊ ಕುದುರೆ ಮೇಲೆ, ತಾಯಿ ಪಕ್ಕದಲ್ಲಿ ನಡಿಗೆ. ರೇಚಲ್‌ಗೆ ಒಂಬತ್ತಾದಾಗ ಪೆರು ದೇಶದಲ್ಲಿ ಹೇಸರಗತ್ತೆ ಜೊತೆ ಕಹಮಾರ್ಕಾದಿಂದ ಕುಸ್ಕೋವರೆಗೆ ಆಂಡೀಸ್ ಪರ್ವತದ ದಾರಿ. ಆಮೇಲೆ ಮಡಗಾಸ್ಕರ್, ಕ್ಯಾಮರೂನ್. ಕ್ಯಾಮರೂನಿನಲ್ಲಿ ಜನ ಡರ್ವ್ಲಾಳನ್ನ ಗಂಡಸು ಅಂದುಕೊಂಡು ರೇಚಲ್‌ನ ಗಂಡ ಅಂತ ತಿಳಿದಿದ್ದರಂತೆ.

ಅರವತ್ತು ದಾಟಿದ ಮೇಲೆ ಕೀನ್ಯಾದಿಂದ ಜಿಂಬಾಬ್ವೆವರೆಗೆ ಮತ್ತೆ ಸೈಕಲ್. ಏಡ್ಸ್ ರೋಗ ಊರೂರನ್ನ ಖಾಲಿ ಮಾಡ್ತಿದ್ದ ಕಾಲ ಅದು. ಆಮೇಲೆ ದಕ್ಷಿಣ ಆಫ್ರಿಕಾ, ರುವಾಂಡಾ, ಲಾವೋಸ್, ಯುದ್ಧ ಮುಗಿದ ಬಾಲ್ಕನ್ ದೇಶಗಳು. ಎಪ್ಪತ್ತರ ಹೊಸ್ತಿಲಲ್ಲಿ ರಷ್ಯಾದ ದೂರಪೂರ್ವದಲ್ಲಿ ಸೈಕಲ್ ತುಳಿಯೋಕೆ ಹೋಗಿ ಮೊಣಕಾಲಿಗೆ ಪೆಟ್ಟಾಯ್ತು. ಸೈಕಲ್ ಆಗೋದಿಲ್ಲ ಅಂತ ಗೊತ್ತಾದ ಮೇಲೆ ರೈಲು ದೋಣಿ ಹತ್ತಿ ಸೈಬೀರಿಯಾ ನೋಡಿದಳು. ಆ ಪುಸ್ತಕದ ಹೆಸರಿನಲ್ಲೇ ‘ಆಕಸ್ಮಿಕ’ ಅನ್ನೋ ಮಾತಿದೆ. ಕ್ಯೂಬಾಕ್ಕೆ ಹೋದಾಗ ಜೊತೆಗೆ ಮಗಳು ಮತ್ತು ಮೂವರು ಮೊಮ್ಮಕ್ಕಳು. 2011ರಲ್ಲಿ, ಎಪ್ಪತ್ತೊಂಬತ್ತನೇ ವಯಸ್ಸಿನಲ್ಲಿ, ಗಾಜಾದಲ್ಲಿ ಒಂದು ತಿಂಗಳು.

ಗಮನಿಸಿ, ಪ್ರತಿ ಸಲ ಏನೋ ಒಂದು ಆಕೆಯನ್ನ ಹಿಡಿದು ನಿಲ್ಲಿಸಿದೆ. ತಾಯಿಯ ಕಾಯಿಲೆ, ಮಗು, ಮುರಿದ ಪಕ್ಕೆ, ಮೊಣಕಾಲು, ವಯಸ್ಸು. ಕೆಲವು ಸಲ ವರ್ಷಗಟ್ಟಲೆ ಕಾದಳು, ಕೆಲವು ಸಲ ಆ ಅಡ್ಡಿಯನ್ನೇ ಜೊತೆಗೆ ಕರಕೊಂಡು ಹೋದಳು. ಮಗಳನ್ನ ಬಿಟ್ಟು ಹೋಗಲಿಲ್ಲ, ಮಗಳಿಂದಾಗಿ ಹೋಗೋದನ್ನ ಬಿಡಲೂ ಇಲ್ಲ.

ಕಂಡಕ್ಟರ್ ಕೇಳಿದ ಪ್ರಶ್ನೆ

ನನ್ನ ಅಪ್ಪ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದರು. ಹೆಚ್ಚು ವರ್ಷ ಮಾಡಿದ್ದು ಮುಂಡಗೋಡ ರೂಟು. ಮೂವತ್ತು ವರ್ಷ ಅದೇ ರಸ್ತೆಯಲ್ಲಿ ನಿಂತುಕೊಂಡೇ ಓಡಾಡಿದ ಮನುಷ್ಯ. ಕಿಲೋಮೀಟರ್ ಲೆಕ್ಕ ಹಾಕಿದರೆ ಭೂಮಿಯನ್ನ ಎಷ್ಟು ಸಲ ಸುತ್ತಿದ್ದಾರೋ.

ಒಂದು ಸಂಜೆ ಕೊಡಗಿನ ಪುಸ್ತಕದ ಮುಂಡಗೋಡ ಅಧ್ಯಾಯವನ್ನ ಅವರಿಗೆ ಕನ್ನಡದಲ್ಲಿ ಹೇಳ್ತಾ ಇದ್ದೆ. ಐರ್ಲೆಂಡಿನಿಂದ ಒಬ್ಬಾಕೆ ಸಣ್ಣ ಮಗಳನ್ನ ಕರಕೊಂಡು ನಿಮ್ಮ ರೂಟಿಗೆ ಬಂದಿದ್ದಳಂತ್ರೀ ಅಂದೆ. ಅಪ್ಪ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ನಿಧಾನಕ್ಕೆ, ಒಂದೊಂದೇ ಶಬ್ದ ಹುಡುಕಿ ಕೇಳಿದರು: “ಹುಡುಗಿಗೆ ಅರ್ಧ ಟಿಕೆಟ್ ತಗೊಂಡಿದ್ಲೇನು?”

ಅವ್ವ ಅಡುಗೆಮನೆಯಿಂದ ನಕ್ಕಳು. ನಾನೂ ನಕ್ಕೆ. ಲಕ್ವ ಹೊಡೆದ ಮೇಲೆ ಅಪ್ಪ ತಾವಾಗಿ ಪ್ರಶ್ನೆ ಕೇಳಿದ್ದು ಅದೇ ಮೊದಲು. ಆಮೇಲೆ ಅವರೇ ಶುರು ಮಾಡಿದರು. ಟಿಬೆಟಿಯನ್ ಕ್ಯಾಂಪಿನ ಮುದುಕಿಯರು ಜಪಮಾಲೆ ತಿರುಗಿಸ್ತಾ ಮುಂದಿನ ಸೀಟಿನಲ್ಲಿ ಕೂರೋದು, ಚಳಿಗಾಲದಲ್ಲಿ ಸ್ವೆಟರ್ ಗಂಟು ಹೊತ್ತು ಹುಬ್ಬಳ್ಳಿಗೆ ಹೋಗೋರು, ಮಳೆಗಾಲದಲ್ಲಿ ಹಳ್ಳ ಏರಿ ಬಸ್ಸು ನಿಂತಾಗ ಕ್ಯಾಂಪಿನವರು ಎಲ್ಲರಿಗೂ ಉಪ್ಪು ಹಾಕಿದ ಬೆಣ್ಣೆ ಚಹಾ ಕೊಟ್ಟಿದ್ದು. “ಬಾಯಾಗ ಇಡಾಕ ಆಗಲಿಲ್ಲ ತಮ್ಮಾ, ಆದರ ಕುಡದೆ. ಕೊಟ್ಟಾರಲ್ಲ” ಅಂದರು.

ಮೂವತ್ತಾರು ವರ್ಷ ಈ ಮನುಷ್ಯನ ಮಗ ನಾನು, ಈ ಕಥೆ ಕೇಳಿರಲಿಲ್ಲ. ಜಗತ್ತು ನೋಡೋಕೆ ಹದಿನಾಲ್ಕು ದೇಶದ ಪಟ್ಟಿ ಮಾಡಿದ್ದೆ, ಪಕ್ಕದ ಕೋಣೆಯಲ್ಲಿದ್ದವರನ್ನ ಒಂದು ಪ್ರಶ್ನೆ ಕೇಳಿರಲಿಲ್ಲ.

ಹಾಗಂತ ಮನೆಯೇ ಪ್ರಪಂಚ, ಹೊರಗೆ ಹೋಗಬೇಡಿ ಅಂತ ಮುಗಿಸೋದಿಲ್ಲ. ಅದು ಸುಳ್ಳು ಸಮಾಧಾನ, ಡರ್ವ್ಲಾಗೂ ಮಾಡೋ ಮೋಸ. ಆಕೆ ಹದಿನಾರು ವರ್ಷ ಕಾದದ್ದು ಹೋಗೋ ಆಸೆಯನ್ನ ಸಾಯಿಸಿಕೊಂಡಲ್ಲ. ನನಗೂ ಹೋಗಬೇಕು. ಫೈಲು ಡಿಲೀಟ್ ಮಾಡಿಲ್ಲ. ವಿ8 ಮಾಡಿದೀನಿ. ಹದಿನಾಲ್ಕು ದೇಶ ತೆಗೆದು ಒಂದೇ ಇಟ್ಟೆ, ಜಾರ್ಜಿಯಾ. ಆರು ತಿಂಗಳ ಬದಲು ಆರು ವಾರ. ಅಣ್ಣ ಆ ಆರು ವಾರ ಅಪ್ಪನನ್ನ ನೋಡಿಕೊಳ್ತೀನಿ ಅಂದಿದಾನೆ. ಈ ಮಾತನ್ನ ಮೂರು ವರ್ಷ ನಾನು ಅವನ ಹತ್ತಿರ ಕೇಳೇ ಇರಲಿಲ್ಲ, ಕೇಳೋಕೆ ಅಹಂಕಾರ ಅಡ್ಡ ಬಂದಿತ್ತು. ತಾರೀಖು ಇನ್ನೂ ಹಾಕಿಲ್ಲ.

ಅದಕ್ಕಿಂತ ಮುಂಚೆ ದೀಪಾವಳಿಗೆ ಊರಿಗೆ ಹೋದಾಗ ಒಂದು ದಿನ ಅಪ್ಪನನ್ನ ಮುಂಡಗೋಡಕ್ಕೆ ಕರಕೊಂಡು ಹೋಗೋದಿದೆ. ಕಾರು ಮಾಡ್ತೀನಿ ಅಂದರೆ ಬ್ಯಾಡ ಅಂತಾರೆ. ಬಸ್ಸಿಗೇ ಹೋಗಬೇಕಂತೆ, ಕಂಡಕ್ಟರ್ ಪಕ್ಕದ ಸೀಟೇ ಬೇಕಂತೆ. ವೀಲ್‌ಚೇರ್ ಮಡಚಿ ಬಸ್ಸಿನಲ್ಲಿ ಎಲ್ಲಿ ಇಡೋದು ಅಂತ ಯೋಚಿಸ್ತಾ ಇದೀನಿ. ನಿಮ್ಮಲ್ಲಿ ಯಾರಾದರೂ ಹಿರಿಯರನ್ನ ಹಾಗೆ ಬಸ್ಸಿನಲ್ಲಿ ಕರಕೊಂಡು ಹೋಗಿದ್ದರೆ ಹೇಗೆ ಮಾಡಿದ್ರಿ ಅಂತ ತಿಳಿಸಿ, ಉಪಕಾರ ಆಗುತ್ತೆ.

ಮುಂದಿನ ಮಾತಿನಲ್ಲಿ ಸಿಗೋಣ.